ಪದಚರ್ಚೆ: ಸರೋವರ ಉಳಿಸುವ ಸರ್ಕಾರಿ ಹಣಕ್ಕೆ ಏನೆನ್ನೋಣ?

ಶಿರಸಿಯಿಂದ:
ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ನಾಳೆ ಮಧ್ಯಾಹ್ನ ಬೋರ್ಡು ಪ್ರಿಂಟಿಗೆ ಹೋಗುತ್ತದೆ. ಫೆಬ್ರವರಿ 2ರ ಜೌಗುಭೂಮಿ ದಿನಕ್ಕೆ ನಮ್ಮ ಶಾಲೆಯ ಮಕ್ಕಳು ಉತ್ತರ ಅಮೆರಿಕದ ಐದು ಮಹಾ ಸರೋವರಗಳ ಬಗ್ಗೆ ಪ್ರದರ್ಶನ ಮಾಡುತ್ತಿದ್ದಾರೆ. ಸುಪೀರಿಯರ್, ಮಿಶಿಗನ್, ಹ್ಯೂರಾನ್, ಈರಿ, ಒಂಟಾರಿಯೊ. ಹಿಮ ಬಿಟ್ಟರೆ ಭೂಮಿಯ ಮೇಲಿನ ಸಿಹಿನೀರಿನಲ್ಲಿ ಸುಮಾರು ಐದನೇ ಒಂದು ಪಾಲು ಇವುಗಳಲ್ಲೇ ಇದೆ. ಇವನ್ನು ಸರಿಪಡಿಸಲು ಅಮೆರಿಕದ ಕೇಂದ್ರ ಸರ್ಕಾರ 2010ರಲ್ಲಿ ಯೋಜನೆ ಶುರುಮಾಡಿ, ಮೊದಲ ವರ್ಷವೇ 47.5 ಕೋಟಿ ಡಾಲರ್ ಇಟ್ಟಿತು. 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ಇನ್ನೂ 100 ಕೋಟಿ ಡಾಲರ್ ಸೇರಿತು.

ಈ ಹಣಕ್ಕೆ ಮಕ್ಕಳು ‘ಸಾರ್ವಜನಿಕ ನಿಧಿ’ ಎಂದು ಬರೆದಿದ್ದಾರೆ. ನನಗೆ ಸರಿ ಕಾಣುತ್ತಿಲ್ಲ. ನಮ್ಮ ಕಡೆ ಕೆರೆಯ ಹೂಳೆತ್ತಲು ಊರವರೇ ವಂತಿಗೆ ಹಾಕುವುದುಂಟು. ಸಾರ್ವಜನಿಕ ಅಂದ ಕೂಡಲೇ ಗಣೇಶೋತ್ಸವದ ರಸೀದಿ ಪುಸ್ತಕ ನೆನಪಾಗುತ್ತದೆ. ಇದು ತೆರಿಗೆ ಹಣ. ಅದು ಪದದಲ್ಲೇ ಗೊತ್ತಾಗಬೇಕು.

ಕುಮಟಾದಿಂದ:
ಅಕ್ಕೋರೇ, ಪದ ನಮ್ಮಲ್ಲೇ ಇದೆ. ಕೆರೆಗೊಡಗೆ. ಕೆರೆ ಕಟ್ಟಿದವರಿಗೆ, ನೋಡಿಕೊಂಡವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಗೆ ಶಾಸನಗಳಲ್ಲಿ ಈ ಹೆಸರಿದೆ. ಕೆರೆಗಾಗಿ ಬಿಡುತ್ತಿದ್ದ ಇಂಥದ್ದೇ ಕೊಡುಗೆಗಳಿಗೆ ಕಟ್ಟುಗೊಡಗೆ, ಬಿತ್ತುವಟ್ಟ, ದಸವಂದ ಎಂಬ ಹೆಸರುಗಳೂ ಇವೆ. ‘ಕೊಡು’ ಇಂದ ‘ಕೊಡಗೆ’. ಎಷ್ಟು ಚೊಕ್ಕ ಪದ! ಬನವಾಸಿಯ ಕದಂಬರ ಕಾಲದಿಂದ ಕೆರೆ ಕಟ್ಟಿದ ನಾಡು ಇದು. ತಾಳಗುಂದದ ಕಂಬದ ಶಾಸನದಲ್ಲೇ ಕಾಕುಸ್ಥವರ್ಮ ಮಾಡಿಸಿದ ಕೆರೆಯ ಮಾತಿದೆ. ನಿಧಿ, ಅನುದಾನ ಎಲ್ಲ ಕಚೇರಿ ಭಾಷೆ. ‘ಮಹಾ ಸರೋವರ’ವೂ ಬೇಡ. ‘ಹೆಗ್ಗೆರೆ’ ಅನ್ನಿ.

ಕಾರವಾರದಿಂದ:
ಹೆಗ್ಗೆರೆ ತಪ್ಪು. ಕೆರೆ ಅಂದರೆ ಮನುಷ್ಯ ಕಟ್ಟಿದ್ದು. ಏರಿ, ತೂಬು, ಕೋಡಿ ಇರಬೇಕು. ಆ ಸರೋವರಗಳನ್ನು ಕೊರೆದದ್ದು ಹಿಮನದಿಗಳು. ಕೊಡಗೆಯೂ ಆಗದು. ಅದು ಭೂಮಿ, ದುಡ್ಡಲ್ಲ. ಅಲ್ಲಿಯದು ಸಂಸತ್ತು ವರ್ಷ ವರ್ಷ ಮಂಜೂರು ಮಾಡುವ ಹಣ. ತಾಳಗುಂದದ ಕಂಬದ ಶಾಸನ ಇರುವುದು ಸಂಸ್ಕೃತದಲ್ಲಿ. ಅಚ್ಚಗನ್ನಡದ ವಾದಕ್ಕೆ ಅದನ್ನು ಸಾಕ್ಷಿ ತರಬೇಡಿ. ಸುಮ್ನೆ ‘ಸರ್ಕಾರಿ ಅನುದಾನ’ ಬರೆಯಿರಿ, ಮುಗಿಯಿತು.

ಕುಮಟಾದಿಂದ:
ಶಾಸನದ ಭಾಷೆ ಸಂಸ್ಕೃತ ಇರಬಹುದು, ಕೆರೆ ನಮ್ಮದೇ. ನಿಮ್ಮ ‘ಮಂಜೂರು’ ಎಲ್ಲಿಯದು? ಹೀಗೆ ಬೇಕಾದ್ದಕ್ಕೆಲ್ಲ ಸಾಲ ತಂದೇ ನಮ್ಮ ಪದಗಳು ಮೂಲೆ ಸೇರಿದವು.

ಕಾರವಾರದಿಂದ:
ಸರ್ಕಾರ ಎಲ್ಲಿಯದು? ನಮ್ಮ ಊರಿನ ಬಂದರು ಎಲ್ಲಿಯದು? ಎರಡೂ ಫಾರ್ಸಿಯಿಂದ ಬಂದವು. ಜನ ತಲೆಮಾರುಗಟ್ಟಲೆ ಆಡಿದ ಪದ ಕನ್ನಡದ್ದೇ. ಮೀನು ಮಾರುವವರಿಗೂ ಅರ್ಥವಾಗುವ ಪದವನ್ನು ಹೊರಹಾಕಿ, ಪಂಡಿತರಿಗೆ ಮಾತ್ರ ಗೊತ್ತಿರುವುದನ್ನು ಬೋರ್ಡಿಗೆ ಏರಿಸಿದರೆ ಭಾಷೆ ಬೆಳೆಯುವುದಿಲ್ಲ.

ಯಲ್ಲಾಪುರದಿಂದ:
ಅಕ್ಕೋರ ಬೋರ್ಡು ನಾಳೆ ಅಲ್ವಾ? ಜಗಳ ಆಮೇಲೆ ಆಗಲಿ. ‘ಅನುದಾನ’ದಲ್ಲಿ ದಾನ ಕುಳಿತಿದೆ. ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟಂತೆ ಕೇಳಿಸುತ್ತದೆ. ‘ಬೊಕ್ಕಸದ ಹಣ’ ಅನ್ನಿ. ತೆರಿಗೆ ಸೇರುವ ಜಾಗ ಬೊಕ್ಕಸ. ವಂತಿಗೆ ಎಂದು ಯಾರೂ ತಿಳಿಯುವುದಿಲ್ಲ.

ಇನ್ನೊಂದು ಮಾತು. ಆ ಹಣದ ಕೆಲಸಕ್ಕೆ ‘ಅಭಿವೃದ್ಧಿ’ ಎಂದು ದಯವಿಟ್ಟು ಬರೆಯಬೇಡಿ. ಕೆರೆ ಅಭಿವೃದ್ಧಿ ಅಂದರೆ ನಮ್ಮ ಜನಕ್ಕೆ ದಂಡೆಗೆ ಕಲ್ಲು, ಸುತ್ತ ಬೇಲಿ, ವಾಕಿಂಗ್ ದಾರಿ. ‘ಹೂಳೆತ್ತುವುದು’ ಕೂಡ ಸಾಲದು. ಅಲ್ಲಿ ತಳದಲ್ಲಿ ಕೂತ ಕಾರ್ಖಾನೆ ವಿಷದ ಕೆಸರು ತೆಗೆಯಬೇಕು. ಹೊರಗಿನಿಂದ ನುಗ್ಗುವ ಮೀನುಗಳನ್ನು ತಡೆಯಬೇಕು. ಹೊಲದ ಗೊಬ್ಬರದ ರಂಜಕ (ಫಾಸ್ಫರಸ್) ನೀರಿಗೆ ಇಳಿಯದಂತೆ ನೋಡಬೇಕು. ಆ ರಂಜಕದಿಂದಲೇ ಈರಿಯಲ್ಲಿ ಪಾಚಿ ಉಕ್ಕುತ್ತದೆ. 2014ರ ಆಗಸ್ಟಿನಲ್ಲಿ ಪಾಚಿಯ ವಿಷ ನಲ್ಲಿ ನೀರಿಗೇ ಬಂದು, ಅದರ ದಂಡೆಯ ಟೊಲೀಡೊ ನಗರದ ಸುತ್ತಮುತ್ತಲ ಸುಮಾರು ಐದು ಲಕ್ಷ ಜನ ನೀರು ಕುಡಿಯುವ ಹಾಗಿರಲಿಲ್ಲ. ಇಷ್ಟೆಲ್ಲ ಕೆಲಸಕ್ಕೆ ‘ಉಳಿಸುವುದು’ ಸಾಕು. ‘ಮಹಾ ಸರೋವರ ಉಳಿಸಲು ಬೊಕ್ಕಸದ ಹಣ’.

ಶಿರಸಿಯಿಂದ:
ಇದನ್ನೇ ಹಾಕುತ್ತೇನೆ. ಬೊಕ್ಕಸ ಮಕ್ಕಳಿಗೂ ಗೊತ್ತು. ಕೆರೆಗೊಡಗೆ, ದಸವಂದ ಬಿಡಲು ಮನಸ್ಸಿಲ್ಲ. ನಮ್ಮ ನಾಡಿನ ಹಳೆಯ ಪದ್ಧತಿ ಎಂದು ಪಕ್ಕದ ಹಾಳೆಯಲ್ಲಿ ಬರೆಸುತ್ತೇನೆ.

ಕುಮಟಾದಿಂದ:
ಬೊಕ್ಕಸ ಆಗಬಹುದು. ಆದರೆ ಸರೋವರವನ್ನು ನಾನು ಒಪ್ಪುವುದಿಲ್ಲ.