ಎರಕದ ಅಲ್ಯೂಮಿನಿಯಂ ಟ್ಯಾಪೆಟ್ ಕವರ್ ಪಾಲಿಶ್: ಬಫ್ ಮಾಡಿದ ಮೇಲೂ ಗೀರು, ಮಬ್ಬು, ಸಣ್ಣ ತೂತುಗಳು

ಹದಿಮೂರರ_ಸ್ಪ್ಯಾನರ್ (ಪ್ರಶ್ನೆ)

ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಟ್ಯಾಪೆಟ್ ಕವರ್ (ಇಂಜಿನ್ನಿನ ಮೇಲ್ಮುಚ್ಚಳ) ಮತ್ತು ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆಗಳು) ಎರಡನ್ನೂ ಬಿಚ್ಚಿಟ್ಟಿದ್ದೇನೆ. ಎರಡೂ ಎರಕದ ಅಲ್ಯೂಮಿನಿಯಂ. ಕವರಿನ ಮೇಲ್ಭಾಗದ ಬಣ್ಣವನ್ನು ಪೇಂಟ್ ರಿಮೂವರ್‌ನಿಂದ ತೆಗೆದು, 180, 400, 1000 ನಂಬರಿನ ಉಜ್ಜುವ ಪೇಪರ್ (ನಂಬರ್ ಹೆಚ್ಚಿದಷ್ಟೂ ನುಣುಪು) ಹೊಡೆದು, 150 ಎಂ.ಎಂ. ಬೆಂಚ್ ಗ್ರೈಂಡರಿಗೆ (2,800 ಆರ್‌ಪಿಎಂ) ಹತ್ತಿಯ ಬಫ್ (ಬಟ್ಟೆಯ ಪಾಲಿಶ್ ಚಕ್ರ) ಹಾಕಿ, ಅದಕ್ಕೆ ಹಚ್ಚುವ ಪಾಲಿಶ್ ಗಟ್ಟಿಯಾದ ಹಸಿರು ಬಾರ್‌ನಿಂದ ಪಾಲಿಶ್ ಮಾಡಿದೆ. ಹೊಳಪು ಬಂದಿದೆ. ಆದರೆ ಬೆಳಕಿಗೆ ಓರೆಯಾಗಿ ಹಿಡಿದರೆ ಉದ್ದುದ್ದ ಗೀರು, ಅಲ್ಲಲ್ಲಿ ಸೂಜಿಮೊನೆಯಷ್ಟು ತೂತು, ಪ್ರತಿ ತೂತಿನ ಹಿಂದೆ ಬಾಲದಂಥ ಗೆರೆ, ಮೂಲೆಗಳಲ್ಲಿ ಕಪ್ಪು ಜಿಡ್ಡು.

ಕೇಳಬೇಕಾದ್ದು ಇಷ್ಟು. ಗೀರು ಹೋಗಲು ಇನ್ನೂ ಹೆಚ್ಚು ಬಫ್ ಮಾಡಬೇಕೇ? ಮ್ಯಾನಿಫೋಲ್ಡಿನ ಸಂದಿಗಳಲ್ಲಿ ಉಳಿದ ಬಣ್ಣಕ್ಕೆ ಕಾಸ್ಟಿಕ್ ಸೋಡಾ ನಡೆಯುತ್ತದೆಯೇ? ಆ್ಯಂಗಲ್ ಗ್ರೈಂಡರಿಗೆ ಬಫ್ ಕಟ್ಟಿದರೆ ಕೆಲಸ ಬೇಗ ಆಗುತ್ತದೆಯೇ? ಮ್ಯಾನಿಫೋಲ್ಡಿನ ಒಳಭಾಗವನ್ನೂ ಕನ್ನಡಿಯಂತೆ ಮಾಡಿದರೆ ಪವರ್ ಹೆಚ್ಚುತ್ತದೆ ಅನ್ನುತ್ತಾರೆ, ನಿಜವೇ? ಕೊನೆಗೆ ಮೇಲೆ ಏನು ಬಳಿಯಬೇಕು?

ಬಫ್‌ವೀಲ್

ಬಫ್ ನಿಲ್ಲಿಸಿ, ಪೇಪರಿಗೆ ವಾಪಸ್ ಹೋಗಿ. ಈಗ ಕಾಣುತ್ತಿರುವ ಉದ್ದ ಗೀರುಗಳು 180ರವು. 180ರಿಂದ 400ಕ್ಕೆ, 400ರಿಂದ 1000ಕ್ಕೆ ಹಾರಿದರೆ ಹಿಂದಿನ ಗೀರಿನ ತಳವನ್ನು ಮುಂದಿನ ಪೇಪರ್ ಮುಟ್ಟುವುದೇ ಇಲ್ಲ, ಅಂಚನ್ನಷ್ಟೇ ಸವರಿ ಬಿಡುತ್ತದೆ. ಆಮೇಲೆ ಬಫ್ ಆ ಗೀರನ್ನು ಅಳಿಸುವ ಬದಲು ಹೊಳೆಯುವ ಗೀರಾಗಿ ಮಾಡುತ್ತದೆ. ಅದಕ್ಕೇ ಮ್ಯಾಟ್ ಆಗಿದ್ದಾಗ ಕಾಣದ್ದು ಪಾಲಿಶ್ ಆದ ಮೇಲೆ ಕಣ್ಣಿಗೆ ರಾಚುತ್ತದೆ.

ಮತ್ತೆ 240ರಿಂದ ಶುರು ಮಾಡಿ: 240, 320, 400, 600, 800. ಬಫ್ ಇರುವುದರಿಂದ 600ಕ್ಕೇ ನಿಲ್ಲಿಸಿದರೂ ನಡೆಯುತ್ತದೆ. 1000, 1500, 2000 ಬೇಕಾಗುವುದು ಮೆಷಿನ್ ಇಲ್ಲದೆ ಕೈಯಲ್ಲೇ ಮುಗಿಸುವವರಿಗೆ. ಪ್ರತಿ ನಂಬರಿಗೂ ಉಜ್ಜುವ ದಿಕ್ಕನ್ನು ಅಡ್ಡ ತಿರುಗಿಸಿ, 240 ಉದ್ದಕ್ಕೆ ಹೊಡೆದರೆ 320 ಅಡ್ಡಕ್ಕೆ. ಅಡ್ಡ ಗೀರುಗಳ ನಡುವೆ ಉದ್ದದ ಗೀರು ಒಂದಾದರೂ ಉಳಿದಿದ್ದರೆ ಮುಂದಿನ ಪೇಪರ್ ತೆಗೆಯಬೇಡಿ. ದುಂಡಗೆ ಸುತ್ತಿ ಉಜ್ಜಿದರೆ ಈ ಲೆಕ್ಕ ಸಿಗುವುದಿಲ್ಲ. ಚಪ್ಪಟೆ ಜಾಗಕ್ಕೆ ಪೇಪರಿನ ಹಿಂದೆ ಗಟ್ಟಿ ರಬ್ಬರ್ ಅಥವಾ ಮರದ ತುಂಡು ಇರಲಿ. ಬೆರಳಿನಿಂದ ಒತ್ತಿದರೆ ಬೆರಳಿನ ಅಗಲದ ಹಳ್ಳ ಬೀಳುತ್ತದೆ, ಹೊಳಪು ಬಂದಾಗ ಅದೇ ಅಲೆಯಂತೆ ಕಾಣುತ್ತದೆ.

ಅಲ್ಯೂಮಿನಿಯಂ ಮೆತ್ತಗಿನ ಲೋಹ, ಪೇಪರನ್ನು ಬೇಗ ತುಂಬಿಬಿಡುತ್ತದೆ. ತುಂಬಿದ ಪೇಪರಿನ ಗಂಟು ಹೊಸ ಗೀರು ಎಳೆಯುತ್ತದೆ. ವಾಟರ್ ಪೇಪರ್ ಬಳಸಿ, ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವು ಹನಿ ಹಾಕಿ, ಪದೇಪದೇ ಅದ್ದಿ. ನಂಬರ್ ಬದಲಿಸುವಾಗ ನೀರು ಚೆಲ್ಲಿ ಬಕೆಟ್ಟನ್ನೂ ಪಾರ್ಟನ್ನೂ ತೊಳೆಯಿರಿ. 240ರ ಒಂದೇ ಒಂದು ಕಣ 800ರ ಪೇಪರಿನ ಕೆಳಗೆ ಸಿಕ್ಕರೂ ಹಿಂದಿನದೆಲ್ಲ ವ್ಯರ್ಥ. ಸೀಮೆಎಣ್ಣೆಯಲ್ಲಿ ಉಜ್ಜುವವರೂ ಇದ್ದಾರೆ, ಪೇಪರ್ ಕಟ್ಟಿಕೊಳ್ಳುವುದು ಅದರಲ್ಲಿ ಇನ್ನೂ ಕಡಿಮೆ. ಆದರೆ ಪಕ್ಕದಲ್ಲೇ ಗ್ರೈಂಡರ್ ತಿರುಗುವ ಜಾಗದಲ್ಲಿ ಅದು ಬೇಡ.

ಇನ್ನು ಬಾರ್. ಹಸಿರು ಬಾರಿನಲ್ಲಿರುವುದು ಕ್ರೋಮಿಯಂ ಆಕ್ಸೈಡ್, ಅದು ಮುಖ್ಯವಾಗಿ ಸ್ಟೇನ್‌ಲೆಸ್ ಮತ್ತು ಗಟ್ಟಿ ಲೋಹಗಳಿಗೆ. ಅಲ್ಯೂಮಿನಿಯಂಗೆ ಮೊದಲು ಟ್ರಿಪೊಲಿ ಅನ್ನುವ ಕಂದು ಬಾರ್, ಸುರುಳಿ ಹೊಲಿಗೆ ಹಾಕಿದ ಗಟ್ಟಿ ಹತ್ತಿ ಬಫ್ ಮೇಲೆ. ಆಮೇಲೆ ಬಿಳಿ ಬಾರ್, ಹೊಲಿಗೆ ಕಡಿಮೆ ಇರುವ ಸಡಿಲ ಬಫ್ ಮೇಲೆ. ಒಂದು ಬಫ್‌ಗೆ ಒಂದೇ ಬಾರ್. ಹಸಿರು ಹತ್ತಿದ ಬಫ್ ಇನ್ನು ಹಸಿರಿಗೇ ಮೀಸಲು, ಮೇಲೆ ಬರೆದಿಟ್ಟುಕೊಳ್ಳಿ.

ಕಪ್ಪು ಜಿಡ್ಡು ಬರುವುದು ಬಾರ್ ಅತಿಯಾದಾಗ. ತಿರುಗುವ ಬಫ್‌ಗೆ ಒಂದೆರಡು ಸೆಕೆಂಡ್ ತಾಗಿಸಿದರೆ ಸಾಕು, ಖಾಲಿಯಾದಾಗ ಮತ್ತೆ ತಾಗಿಸಿ. ಬಫ್ ಮುಖ ಕಪ್ಪಾಗಿ ಗಾಜಿನಂತೆ ಗಟ್ಟಿಯಾಗಿದ್ದರೆ ಹಳೆಯ ಹ್ಯಾಕ್ಸಾ ಬ್ಲೇಡಿನ ಹಲ್ಲನ್ನು ತಿರುಗುವ ಬಫ್‌ಗೆ ಮೆಲ್ಲಗೆ ಒತ್ತಿ ಕೆರೆಯಿರಿ, ಮತ್ತೆ ನಾರು ಏಳುತ್ತದೆ.

ತೂತಿನ ಹಿಂದಿನ ಬಾಲ ಒಂದೇ ದಿಕ್ಕಿನಲ್ಲಿ ಒತ್ತಿ ಬಫ್ ಮಾಡಿದ್ದರ ಗುರುತು. ತೂತಿನ ಅಂಚನ್ನು ಬಫ್ ಎಳೆದುಕೊಂಡು ಹೋಗುತ್ತದೆ. ಪಾರ್ಟನ್ನು ಆಗಾಗ ತಿರುಗಿಸಿ ಹಿಡಿಯಿರಿ, ಒತ್ತಡ ಕಡಿಮೆ ಮಾಡಿ. ಬಫ್ ತಿರುಗುವ ದಿಕ್ಕಿಗೆ ಎದುರಾಗಿ ಪಾರ್ಟ್ ಸರಿಸಿದರೆ ಲೋಹ ಕತ್ತರಿಸುತ್ತದೆ, ಅದೇ ದಿಕ್ಕಿಗೆ ಹಗುರವಾಗಿ ಸರಿಸಿದರೆ ಹೊಳಪು ಕೊಡುತ್ತದೆ. ಬಿಳಿ ಬಾರಿನ ಕೊನೆಯ ಸುತ್ತು ಈ ಎರಡನೆಯ ರೀತಿಯಲ್ಲೇ ಆಗಬೇಕು.

ಎರಕದ_ಮನೆ

ತೂತುಗಳ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಡೈ ಕಾಸ್ಟಿಂಗ್‌ನಲ್ಲಿ (ಲೋಹದ ಅಚ್ಚಿಗೆ ಒತ್ತಡದಿಂದ ತುಂಬುವ ಎರಕ) ಅಚ್ಚಿಗೆ ತಾಗಿ ಬೇಗ ಆರಿದ ಹೊರಪದರ ಒತ್ತಾಗಿರುತ್ತದೆ, ಅದರ ಕೆಳಗೆ ಗಾಳಿ ಸಿಕ್ಕಿಕೊಂಡ ಗುಳ್ಳೆಗಳಿರುತ್ತವೆ. ಹೊರಪದರ ದಾಟಿ ಉಜ್ಜಿದಷ್ಟೂ ಹೊಸ ತೂತು ತೆರೆದುಕೊಳ್ಳುತ್ತದೆ. ಹಾಗಾಗಿ ತೂತನ್ನು ಬೆನ್ನಟ್ಟಿ ಉಜ್ಜಬೇಡಿ. ಗೀರು ಹೋಗುವವರೆಗೆ ಮಾತ್ರ ಉಜ್ಜಿ, ಉಳಿದ ತೂತನ್ನು ಇರಲು ಬಿಡಿ. ಎಪಾಕ್ಸಿ ತುಂಬಿದರೆ ಪಾಲಿಶ್ ಆದ ಮೇಲೆ ಬೂದು ಚುಕ್ಕೆಯಾಗಿ ಇನ್ನೂ ಎದ್ದು ಕಾಣುತ್ತದೆ. ಮರಳು ಎರಕದ ಮ್ಯಾನಿಫೋಲ್ಡ್ ಆಗಿದ್ದರೆ ಮೇಲ್ಮೈ ತೀರಾ ಒರಟು, ಅಲ್ಲಿ 80 ಅಥವಾ 120ರಿಂದಲೇ ಶುರು ಮಾಡಬೇಕು. ಕೆಲಸದಲ್ಲಿ ಮುಕ್ಕಾಲು ಪಾಲು ಆ ಮೊದಲ ಎರಡು ಪೇಪರಿನದೇ.

ಇನ್ನೊಂದು ಮಾತು, ಎರಕದ ಮಿಶ್ರಲೋಹಗಳಲ್ಲಿ ಸಿಲಿಕಾನ್ ಹೆಚ್ಚು. ಡೈ ಕಾಸ್ಟಿಂಗ್‌ಗೆ ಬಳಸುವ ಎಡಿಸಿ12ರಂಥ ಮಿಶ್ರಲೋಹದಲ್ಲಿ ಶೇ. 10ರಿಂದ 12ರಷ್ಟು ಇರುತ್ತದೆ. ಎಷ್ಟೇ ಪಾಲಿಶ್ ಮಾಡಿದರೂ ಸ್ವಲ್ಪ ಬೂದು ಛಾಯೆಯ ಹೊಳಪೇ ಬರುವುದು. ಕ್ರೋಮ್‌ನಂಥ ನೀಲಿ ಹೊಳಪು ಇದರಲ್ಲಿ ಕಾಯಬೇಡಿ.

ಕಾಸ್ಟಿಕ್ ಸೋಡಾ ಬೇಡವೇ ಬೇಡ. ಬಣ್ಣದ ಜೊತೆಗೆ ಅಲ್ಯೂಮಿನಿಯಂ ಅನ್ನೂ ಕರಗಿಸುತ್ತದೆ, ಹೊರಡುವುದು ಹೈಡ್ರೋಜನ್, ಹತ್ತಿರ ಕಿಡಿ ಇದ್ದರೆ ಹೊತ್ತಿಕೊಳ್ಳುತ್ತದೆ. ಗ್ಯಾಸ್ಕೆಟ್ ಕೂರುವ ಮುಖ, ಬೋಲ್ಟಿನ ಮರೆ (ಥ್ರೆಡ್) ಎಲ್ಲವನ್ನೂ ತಿನ್ನುತ್ತದೆ. ಕರಗದ ಸಿಲಿಕಾನ್ ಮೇಲೆ ಕಪ್ಪು ಮಸಿಯಾಗಿ ಕೂರುತ್ತದೆ. ಪೇಂಟ್ ರಿಮೂವರ್ರನ್ನೇ ದಪ್ಪಗೆ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಣಗದಂತೆ ಬಿಟ್ಟು, ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ. ಇದನ್ನೆಲ್ಲ ಬಯಲಲ್ಲಿ, ರಬ್ಬರ್ ಗ್ಲೌಸ್ ಹಾಕಿಕೊಂಡೇ ಮಾಡಿ.

ರಿಮೂವರ್ ಹಾಕಿದ ಮೇಲೂ ಏನಾದರೂ ಉಳಿದಿದೆಯೇ ಅಂತ ನೋಡಲು ಮಲ್ಟಿಮೀಟರ್ ಸಾಕು. ಕಂಟಿನ್ಯುಯಿಟಿಗೆ (ಕರೆಂಟ್ ಹರಿದರೆ ಬೀಪ್ ಕೊಡುವ ಸೆಟ್ಟಿಂಗ್) ಇಟ್ಟು ಎರಡು ಮೊನೆಯನ್ನೂ ಮೇಲ್ಮೈಗೆ ಹಗುರವಾಗಿ ತಾಗಿಸಿ. ಬೀಪ್ ಬಂದರೆ ಬರಿ ಲೋಹ. ಬರದಿದ್ದರೆ ಲ್ಯಾಕರ್ (ಪಾರದರ್ಶಕ ಬಣ್ಣದ ಪದರ) ಇದೆ, ಇಲ್ಲವೇ ಆನೊಡೈಸ್ (ಲೋಹದ ಮೇಲೇ ಬೆಳೆಸಿದ ಗಟ್ಟಿ ಆಕ್ಸೈಡ್ ಪದರ) ಆಗಿದೆ. ಲ್ಯಾಕರ್ ರಿಮೂವರಿಗೆ ಏಳುತ್ತದೆ. ಆನೊಡೈಸ್ ಏಳುವುದಿಲ್ಲ, ಅದನ್ನು ಪೇಪರಿನಲ್ಲೇ ತೆಗೆಯಬೇಕು.

ಮತ್ತು ಎಲ್ಲಕ್ಕಿಂತ ಮೊದಲು, ಇದು ಅಲ್ಯೂಮಿನಿಯಮ್ಮೇ ಅಂತ ಖಾತ್ರಿ ಮಾಡಿಕೊಳ್ಳಿ. ಕೆಲವು ಇಂಜಿನ್‌ಗಳ ಕವರ್ ಮೆಗ್ನೀಸಿಯಂ ಮಿಶ್ರಲೋಹದ್ದು, ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಕ್ರ್ಯಾಂಕ್‌ಕೇಸೇ ಅಂಥದ್ದು. ಗಾತ್ರಕ್ಕೆ ಹೋಲಿಸಿದರೆ ತೀರಾ ಹಗುರ ಅನಿಸಿದರೆ ಕಾಣದ ಜಾಗದಲ್ಲಿ ಕೆರೆದು ಒಂದು ಹನಿ ವಿನಿಗರ್ ಹಾಕಿ. ಬುಸಬುಸ ಗುಳ್ಳೆ ಬಂದರೆ ಮೆಗ್ನೀಸಿಯಂ. ಅದರ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕುವಂತಿಲ್ಲ, ಹಾಕಿದರೆ ಇನ್ನೂ ಭುಗಿಲೇಳುತ್ತದೆ. ಒಣ ಮರಳು ಸುರಿಯಬೇಕು. ಅಂಥ ಪಾರ್ಟನ್ನು ಮನೆಯಲ್ಲಿ ಉಜ್ಜುವ ಯೋಚನೆಯನ್ನೇ ಬಿಡಿ, ಬಣ್ಣ ಹೊಡೆಸಿ.

ಮೂರು_ಫೇಸ್

ಆ್ಯಂಗಲ್ ಗ್ರೈಂಡರ್ ವಿಷಯ. 150 ಎಂ.ಎಂ. ಬಫ್ 2,800 ಆರ್‌ಪಿಎಂನಲ್ಲಿ ತಿರುಗಿದರೆ ಅದರ ಅಂಚು ನಿಮಿಷಕ್ಕೆ ಸುಮಾರು 1,300 ಮೀಟರ್ ಓಡುತ್ತದೆ. ಅಲ್ಯೂಮಿನಿಯಂಗೆ ಇದು ಸಾಕು. 11,000 ಆರ್‌ಪಿಎಂ ಗ್ರೈಂಡರಿಗೆ 100 ಎಂ.ಎಂ. ಬಫ್ ಕಟ್ಟಿದರೆ ಸುಮಾರು 3,450 ಮೀಟರ್. ಬಾರ್ ನಿಲ್ಲದೆ ಸಿಡಿದು ಹೋಗುತ್ತದೆ, ಲೋಹ ಕಾದು ಬಳಿದಂತಾಗುತ್ತದೆ. ಬಫ್ ಮೇಲೆ ಅಷ್ಟು ಸ್ಪೀಡಿನ ರೇಟಿಂಗ್ ಬರೆದಿಲ್ಲದಿದ್ದರೆ ಹೊಲಿಗೆ ಕಿತ್ತು ಚೆದುರುವುದೂ ಉಂಟು. ಸ್ಪೀಡ್ ಕಡಿಮೆ ಮಾಡುವ ಗುಂಡಿ ಇರುವ ಗ್ರೈಂಡರ್ ಆದರೆ 3,000 ಆಸುಪಾಸಿಗೆ ಇಳಿಸಿ ಬಳಸಬಹುದು. ಡ್ರಿಲ್ಲಿಗೆ 75 ಎಂ.ಎಂ. ಬಫ್ ಹಾಕಿ 2,500 ತಿರುಗಿಸಿದರೆ 600 ಮೀಟರ್ ಕೂಡ ಆಗದು, ನಿಧಾನ, ಆದರೆ ಸಂದಿಗಳಿಗೆ ಅದೇ ವಾಸಿ. ಇನ್ನೂ ಇಕ್ಕಟ್ಟಿನ ಕಡೆ ಸಣ್ಣ ರೋಟರಿ ಟೂಲಿಗೆ ಫೆಲ್ಟ್ ಮೊನೆ.

ಬೆಂಚ್ ಗ್ರೈಂಡರಿನಲ್ಲಿ ಕಲ್ಲಿನ ಗಾರ್ಡ್ ಅಡ್ಡ ಬರುತ್ತದೆ, ಉದ್ದದ ಕವರ್ ಮೋಟರಿಗೆ ಬಡಿಯುತ್ತದೆ. ಶಾಫ್ಟಿಗೆ ಎಕ್ಸ್‌ಟೆನ್ಷನ್ ಹಾಕಿ ಬಫ್ ಅನ್ನು ಹೊರಗೆ ತನ್ನಿ. ಪಾರ್ಟನ್ನು ಬಫ್‌ನ ನಡುಮಟ್ಟಕ್ಕಿಂತ ಸ್ವಲ್ಪ ಕೆಳಗೆ ಹಿಡಿಯಿರಿ. ಬಫ್ ಯಾವಾಗಲೂ ಪಾರ್ಟಿನ ಅಂಚಿನಿಂದ ಹೊರಗೆ ಜಾರಬೇಕು, ಅಂಚಿಗೆ ಎದುರಾಗಿ ಬಡಿಯಕೂಡದು. ಬಡಿದರೆ ಕೈಯಿಂದ ಕಿತ್ತು ಎಸೆಯುತ್ತದೆ. ಅದಕ್ಕೇ ಕವರಿನ ಕೆಳ ಅರ್ಧ ಮುಗಿಸಿ, ತಲೆಕೆಳಗೆ ತಿರುಗಿಸಿ ಉಳಿದರ್ಧ ಮಾಡುವುದು. ಬೋಲ್ಟ್ ತೂತು, ಎಣ್ಣೆ ಮುಚ್ಚಳದ ಬಾಯಿ, ರೆಕ್ಕೆಗಳ ತುದಿ, ಇವು ಮೂರೂ ಬಫ್‌ಗೆ ಸಿಕ್ಕಿಕೊಳ್ಳುವ ಜಾಗಗಳು. ನೂಲಿನ ಗ್ಲೌಸ್, ಸಡಿಲ ತೋಳು ಬೇಡ. ಮುಖಕ್ಕೆ ಪೂರ್ತಿ ಶೀಲ್ಡ್, ಮೂಗಿಗೆ ಎನ್95.

ಅದೇ ಗ್ರೈಂಡರಿನ ಇನ್ನೊಂದು ಬದಿಯಲ್ಲಿ ಕಬ್ಬಿಣ ಅರೆಯುತ್ತೀರಾದರೆ ಮೊದಲು ಸುತ್ತಲ ಪುಡಿಯನ್ನೆಲ್ಲ ಗುಡಿಸಿ ತೆಗೆಯಿರಿ. ಅಲ್ಯೂಮಿನಿಯಂ ಪುಡಿ, ಹತ್ತಿಯ ನಾರು, ಮೇಣ ಎಲ್ಲ ಕಲೆತ ರಾಶಿಗೆ ಕಬ್ಬಿಣದ ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ಅರೆಯುವ ಕಲ್ಲಿಗೆ ಅಲ್ಯೂಮಿನಿಯಂ ತಾಗಿಸಲೂ ಬಾರದು. ಕಲ್ಲಿನ ರಂಧ್ರ ತುಂಬಿ, ಕಾದು, ಕಲ್ಲೇ ಒಡೆಯುವ ಅಪಾಯ ಇದೆ.

ಗ್ಯಾಸ್ಕೆಟ್_ಗುರು

ಎಲ್ಲರೂ ಹೊರಗಿನದನ್ನೇ ಹೇಳಿದರು. ಪಾಲಿಶ್ ಮಾಡಿದ ಕವರ್ ಇಂಜಿನ್ ಕೆಡಿಸುವುದು ಒಳಗಿನಿಂದ. ಪೇಪರಿನ ಕಣ ಸಿಲಿಕಾನ್ ಕಾರ್ಬೈಡ್ ಅಥವಾ ಅಲ್ಯೂಮಿನಿಯಂ ಆಕ್ಸೈಡ್, ಬಾರಿನ ಕಣವೂ ಹಾಗೇ ಅರೆಯುವ ಗಟ್ಟಿ ಪುಡಿ. ಎಣ್ಣೆಗೆ ಸೇರಿದರೆ ಬೇರಿಂಗಿನ ಮೆತ್ತನೆಯ ಪದರದಲ್ಲಿ ಹೂತು ಕೂತು ಕ್ರ್ಯಾಂಕನ್ನು ಅರೆಯುತ್ತವೆ. ಗ್ಯಾಸ್ಕೆಟ್ ಮುಖ ಉಜ್ಜಲು ಬಳಸುವ ನಾರಿನ ತಿರುಗು ಡಿಸ್ಕ್‌ಗಳಿಂದ ಉದುರುವ ಕಣವೇ ಬೇರಿಂಗ್ ಹಾಳುಮಾಡುತ್ತದೆ ಅಂತ ಜನರಲ್ ಮೋಟರ್ಸ್ ತನ್ನ ಮೆಕ್ಯಾನಿಕ್‌ಗಳಿಗೆ ಬುಲೆಟಿನ್ ಕಳಿಸಿ ಎಚ್ಚರಿಸಿತ್ತು.

ಕವರಿನ ಒಳಗೆ ಉಸಿರುಪೈಪಿನ ಕೆಳಗೆ ಬ್ಯಾಫಲ್ ಅನ್ನುವ ತಗಡಿನ ಅಡ್ಡತಟ್ಟೆ ಇರುತ್ತದೆ. ಸ್ಕ್ರೂ ಇದ್ದರೆ ಬಿಚ್ಚಿ. ರಿವೆಟ್ ಇದ್ದರೆ ಡ್ರಿಲ್ ಮಾಡಿ ತೆಗೆದು ಆಮೇಲೆ ಕೂರಿಸಿ. ಅದನ್ನು ಬಿಚ್ಚದೆ ಒಳಗೆ ಹೋದ ಪುಡಿಯನ್ನು ತೊಳೆಯಲಾಗದು. ಕೆಲಸ ಶುರು ಮಾಡುವ ಮುನ್ನವೇ ತೂತುಗಳಿಗೆ ರಬ್ಬರ್ ಬಿರಡೆ, ಗ್ಯಾಸ್ಕೆಟ್ ಮುಖಕ್ಕೆ ದಪ್ಪ ಟೇಪ್. ಆ ಮುಖವನ್ನು ಪಾಲಿಶ್ ಮಾಡಬೇಡಿ. ಬಫ್ ಅದರ ಅಂಚನ್ನು ದುಂಡಗೆ ಮಾಡಿದರೆ ಎಷ್ಟು ಬಿಗಿದರೂ ಎಣ್ಣೆ ಜಿನುಗುವುದು ನಿಲ್ಲದು.

ಮುಗಿದ ಮೇಲೆ ಮೂಲೆಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತೆಗೆಯಿರಿ, ಆಮೇಲೆ ಬಿಸಿನೀರು ಮತ್ತು ಪಾತ್ರೆ ಲಿಕ್ವಿಡ್, ಬಾಟಲಿ ಬ್ರಷ್, ಪ್ರತಿ ತೂತಿಗೂ ಗಾಳಿ. ಒಳಗೆ ಬಿಳಿ ಬಟ್ಟೆ ಒರೆಸಿದಾಗ ಬೂದು ಬಂದರೆ ಮತ್ತೆ ತೊಳೆಯಿರಿ. ಗ್ಯಾಸ್ಕೆಟ್ ಹೊಸದೇ ಹಾಕಿ. 6 ಎಂ.ಎಂ. ಬೋಲ್ಟ್‌ಗಳು ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಇಂಜಿನ್ನಿನ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಯಿರಿ.

ಮ್ಯಾನಿಫೋಲ್ಡಿನ ಒಳಗೆ ಕನ್ನಡಿ ಹೊಳಪಿನಿಂದ ಲಾಭವಿಲ್ಲ. ಕಾರ್ಬ್ಯುರೇಟರ್ ಅಥವಾ ಪೋರ್ಟ್ ಇಂಜೆಕ್ಷನ್ ಇಂಜಿನ್ನಿನಲ್ಲಿ ಪೆಟ್ರೋಲ್ ಹನಿ ಗೋಡೆಗೆ ತಾಗುತ್ತದೆ. ಸ್ವಲ್ಪ ಒರಟಿದ್ದರೆ ಮತ್ತೆ ಗಾಳಿಗೆ ಏಳುತ್ತದೆ, ತೀರಾ ನುಣುಪಾದರೆ ಪದರವಾಗಿ ಹರಿಯುತ್ತದೆ. ಎರಕದ ಏಣು, ಗ್ಯಾಸ್ಕೆಟ್ ಹತ್ತಿರ ಹೊರಚಾಚಿದ ಅಂಚು ತೆಗೆದು 80–120ರ ಪೇಪರಿಗೆ ನಿಲ್ಲಿಸಿ. ನುಣುಪು ಮಾಡಬೇಕಿದ್ದರೆ ಎಕ್ಸಾಸ್ಟ್ ಪೋರ್ಟ್ ಮಾಡಿ, ಅಲ್ಲಿ ಕರಿ ಕೂರುವುದಾದರೂ ಕಡಿಮೆಯಾಗುತ್ತದೆ. ಸಿಲಿಂಡರ್ ಗೋಡೆಯನ್ನಂತೂ ಮುಟ್ಟಲೇಬೇಡಿ, ಅಲ್ಲಿನ ಅಡ್ಡಗೀರುಗಳು ಎಣ್ಣೆ ಹಿಡಿಯಲೆಂದೇ ಇರುವುದು.

ಹದಿಮೂರರ_ಸ್ಪ್ಯಾನರ್

ಎಲ್ಲರಿಗೂ ಧನ್ಯವಾದ. ಮೀಟರ್ ಬೀಪ್ ಬರುತ್ತಿದೆ, ವಿನಿಗರ್‌ಗೆ ಏನೂ ಆಗಲಿಲ್ಲ. 240ರಿಂದ ಮತ್ತೆ ಶುರು ಮಾಡುತ್ತೇನೆ. ಉಳಿದ ಪ್ರಶ್ನೆ ಮೇಲೆ ಹೊಡೆಯುವ ಲ್ಯಾಕರ್‌ದು. ಕವರಿನ ಬೋಲ್ಟ್‌ಗಳನ್ನೂ ಪಾಲಿಶ್ ಮಾಡಬಹುದೇ?

ಬಫ್‌ವೀಲ್

ಕ್ಲಿಯರ್ ಲ್ಯಾಕರ್ ಬೇಡ ಅನ್ನುವುದು ನನ್ನ ಮತ. ಕನ್ನಡಿಯಂಥ ಮೇಲ್ಮೈಗೆ ಅದು ಕಚ್ಚಿಕೊಳ್ಳುವುದಿಲ್ಲ. ಬಿಸಿಗೆ ಹಳದಿಯಾಗಿ ಅಂಚಿನಿಂದ ಏಳುತ್ತದೆ, ಎದ್ದ ಕಡೆ ತೇವ ನುಗ್ಗಿ ಲ್ಯಾಕರಿನ ಕೆಳಗೇ ಹುಳು ಹರಿದ ಹಾಗೆ ಬಿಳಿ ಗೆರೆ ಓಡುತ್ತದೆ. ಆಗ ಎಲ್ಲ ಕಿತ್ತು ಮೊದಲಿನಿಂದ. ಕಾರ್ನುಬಾ ಮೇಣ 82–86 ಡಿಗ್ರಿಗೆ ಕರಗುತ್ತದೆ, ಬಿಸಿ ಇಂಜಿನ್ನಿನ ಕವರ್ ಮೇಲೆ ಬಾಳುವುದಿಲ್ಲ. ಲೋಹಕ್ಕೆಂದೇ ಇರುವ ಸಿಂಥೆಟಿಕ್ ಸೀಲೆಂಟ್ ತೆಳುವಾಗಿ ಹಚ್ಚಿ, ಮಂಕಾದಾಗ ಆಟೋಸಾಲ್‌ನಂಥ ಲೋಹದ ಪಾಲಿಶ್ ಪೇಸ್ಟ್‌ನಿಂದ ಕೈಯಲ್ಲೇ ಉಜ್ಜಿ. ಇಂಜಿನ್ ತೊಳೆಯುವಾಗ ಕ್ಷಾರದ ಡಿಗ್ರೀಸರ್ ಹೊಡೆದರೆ ಒಂದೇ ಸಲಕ್ಕೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಸರ್ವಿಸಿಗೆ ಬಿಡುವಾಗಲೂ ಹೇಳಿಬಿಡಿ.

ಗ್ಯಾಸ್ಕೆಟ್_ಗುರು

ಬೋಲ್ಟ್‌ಗಳ ಮೇಲಿರುವುದು ತೆಳುವಾದ ಸತುವಿನ ಲೇಪ. ಬಫ್ ಹಿಡಿದರೆ ಅದು ಹೋಗಿ ತುಕ್ಕು ಶುರುವಾಗುತ್ತದೆ. ಹೊಳೆಯುವುದೇ ಬೇಕಿದ್ದರೆ ಅದೇ ಅಳತೆಯ ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ತಲೆಗೆ ಮಾತ್ರ ನಿಮ್ಮ ಹಸಿರು ಬಾರ್ ಬಳಸಿ. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಸೇರಿದ ಕಡೆ ತೇವಕ್ಕೆ ಮರೆ ಕಚ್ಚಿಕೊಳ್ಳುವುದರಿಂದ ಆ್ಯಂಟಿ ಸೀಜ್ ಪೇಸ್ಟ್ (ಮರೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಬೇಕು. ಪೇಸ್ಟ್ ಹಚ್ಚಿದ ಬೋಲ್ಟ್ ಸುಲಭವಾಗಿ ತಿರುಗುತ್ತದೆ, ಒಣ ಬೋಲ್ಟಿಗೆ ಹೇಳಿದ ಟಾರ್ಕ್ ಪೂರ್ತಿ ಕೊಟ್ಟರೆ ಹೆಡ್‌ನ ಮರೆ ಕಿತ್ತು ಬರಬಹುದು, ಸ್ವಲ್ಪ ಕಡಿಮೆ ಇಡಿ.