ಸಹಾಯ ಬೇಕು: ಐಹೊಳೆಯ ಮೇಗುತಿ ಜೈನ ಬಸದಿಯ ಶಾಸನದ ಫೋಟೊ ತೆಗೆಯಲು

ನಮಸ್ಕಾರ. ಎಂ.ಎ. ಇತಿಹಾಸದ ಪ್ರವಾಸೋದ್ಯಮ ಪ್ರಾಜೆಕ್ಟ್‌ಗಾಗಿ ಅಲ್ಲಿರುವ, ಇಮ್ಮಡಿ ಪುಲಕೇಶಿಯ ಆಸ್ಥಾನಕವಿ ರವಿಕೀರ್ತಿಯ ಶಾಸನದ (ಕ್ರಿ.ಶ. 634) ಫೋಟೊ ಬೇಕಾಗಿದೆ. ಅಲ್ಲಿಗೆ ಹೋಗಿಬಂದವರು ದಯವಿಟ್ಟು ತಿಳಿಸಿ.

ಶಾಸನ ಇರುವುದು ಬಸದಿಯ ಪೂರ್ವದ ಹೊರಗೋಡೆಯಲ್ಲಿ. ಬೆಳಿಗ್ಗೆ ಬಿಸಿಲು ನೇರವಾಗಿ ಬಡಿಯುವುದರಿಂದ ಅಕ್ಷರಗಳಲ್ಲಿ ನೆರಳೇ ಬೀಳದೆ ಕಲ್ಲು ಸಪಾಟಾಗಿ ಕಾಣುತ್ತದೆ. ಹನ್ನೊಂದರ ನಂತರ ಬೆಳಕು ಓರೆಯಾದಾಗ ಕೊರೆತ ಎದ್ದು ಕಾಣಬೇಕು. ಆ ಹೊತ್ತಿಗೆ ಸೂರಿನ ನೆರಳು ಮೇಲಿನ ಸಾಲುಗಳನ್ನು ಮುಚ್ಚುತ್ತದೆಯೇ? ಮುಚ್ಚುವುದಾದರೆ ಪಕ್ಕದಿಂದ ಬೆಳಕು ಹಾಯಿಸಲು ಬಿಳಿ ಥರ್ಮಾಕೋಲ್ ಹಲಗೆ ತರುತ್ತೇವೆ. ಸೀಮೆಸುಣ್ಣ ಬಳಿಯುವ ಸಲಹೆ ಮಾತ್ರ ಬೇಡ. ಕಲ್ಲಿಗೂ ಹಾನಿ, ಬಿರುಕೂ ಅಕ್ಷರವೆಂದೇ ಓದಿಸಿಕೊಳ್ಳುತ್ತದೆ.

ಟ್ರೈಪಾಡ್‌ಗೆ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಧಾರವಾಡ ಕಚೇರಿಯಿಂದ ಅನುಮತಿ ಪಡೆಯಲು ವಿಭಾಗದ ಮುಖ್ಯಸ್ಥರ ಪತ್ರ ಸಾಕೇ? ಎಷ್ಟು ದಿನ ಮೊದಲು ಅರ್ಜಿ ಹಾಕಬೇಕು?

ದುರ್ಗ ಗುಡಿಯ ಆವರಣದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆಯಾದ್ದರಿಂದ ಶನಿವಾರ ಹೊರಡುತ್ತೇವೆ. ಐಹೊಳೆಯಿಂದ ಬಾದಾಮಿಗೆ ಸಂಜೆಯ ಕೊನೆಯ ಬಸ್ ಎಷ್ಟಕ್ಕೆ? ಈಚೆಗೆ ಹೋದವರು ಹೇಳಿದರೆ ಹೆಚ್ಚು ಉಪಕಾರ.