ಶೆಲ್ಟರ್‌ಗೆ ನಿಮ್ಮ ಮನೆಯಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಒಕ್ಲಹೋಮಾ ಸಿಟಿಗೆ ಬಂದು ಮೂರು ವರ್ಷ ಆಯಿತು. ಮನೆ ನೋಡಲು ಹೋದಾಗ ಏಜೆಂಟ್ ಅಡುಗೆಮನೆಗಿಂತ ಮೊದಲು ತೋರಿಸಿದ್ದು ಗ್ಯಾರೇಜಿನ ನೆಲದಲ್ಲಿದ್ದ ಕಬ್ಬಿಣದ ಮುಚ್ಚಳವನ್ನ. ಜಾರಿಸಿದರೆ ಕಡಿದಾದ ಮೆಟ್ಟಿಲು, ಒಳಗೆ ಎದುರುಬದುರು ಎರಡು ಬೆಂಚು. ಸುಂಟರಗಾಳಿ ಬಂದರೆ ಅದೇ ಶೆಲ್ಟರ್. ಪಕ್ಕದ ಮೂರ್ (Moore) ಪಟ್ಟಣದಲ್ಲಿ 2013ರ ಮೇ 20ರಂದು ಸುಂಟರಗಾಳಿಗೆ ಸಿಕ್ಕಿ ಒಂದು ಶಾಲೆಯಲ್ಲೇ ಏಳು ಮಕ್ಕಳು ಹೋದರು. ಆ ಶಾಲೆಯಲ್ಲಿ ಶೆಲ್ಟರ್ ಇರಲಿಲ್ಲ. ಹಾಗಾಗಿ ಇಲ್ಲಿ ಈ ಮಾತನ್ನು ಯಾರೂ ಸುಮ್ನೆ ಆಡುವುದಿಲ್ಲ.

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಪರೀಕ್ಷೆಗೆಂದು ಸೈರನ್ ಕೂಗುತ್ತದಲ್ವಾ, ಆಗ ಎರಡನೇ ಕ್ಲಾಸಿನ ಮಗ ಕೇಳಿದ, "ಶೆಲ್ಟರ್‌ಗೆ ಕನ್ನಡದಲ್ಲಿ ಏನು?" ಆಶ್ರಯ ಅಂದೆ. "ನಾಯಿಗಳನ್ನು ಇಡೋದೂ ಆಶ್ರಯಾನಾ? ಬಸ್ಸಿಗೆ ಕಾಯೋದೂ?" ಅಲ್ಲಿ ಸಿಕ್ಕಿಬಿದ್ದೆ. ಬಸ್ಸಿನದು ತಂಗುದಾಣ. ಮಳೆ ಬಂತು ಅಂತ ಅಂಗಡಿ ಜಗಲಿಯಲ್ಲಿ ನಿಂತರೆ ಅದು ಬರೀ ಮರೆ. ಬಡವರಿಗೆ ಸರ್ಕಾರ ಕೊಟ್ಟಿದ್ದು ಆಶ್ರಯ ಮನೆ. 2009ರ ನೆರೆಯಲ್ಲಿ ಮನೆ ಕಳೆದುಕೊಂಡ ಉತ್ತರ ಕರ್ನಾಟಕದವರಿಗೆ ಕಟ್ಟಿಸಿದ ಮನೆಗಳ ಯೋಜನೆ ಆಸರೆ. ನೆರೆ ಬಂದಾಗ ಊರ ಶಾಲೆಯಲ್ಲಿ ತೆರೆಯುವುದು ಗಂಜಿ ಕೇಂದ್ರ. ಈಗ ಅದನ್ನು ಕಾಳಜಿ ಕೇಂದ್ರ ಅಂತಾರೆ. ನನಗೆ ಹಳೇ ಹೆಸರೇ ಇಷ್ಟ, ಸೂರಿನ ಮಾತಿಗಿಂತ ಮೊದಲು ಊಟದ ಮಾತಾಡುತ್ತದೆ.

ಮಗ ಪುತ್ತೂರಿನ ಅಜ್ಜಿಗೆ ವಿಡಿಯೊ ಕಾಲ್ ಮಾಡಿ "ಅಜ್ಜಿ, ಆಸರೆ..." ಅನ್ನುವಷ್ಟರಲ್ಲಿ ಅಮ್ಮ, "ಆಸರಾಗ್ತದಾ ಮಗಾ? ಒಂದು ತುಂಡು ಬೆಲ್ಲ ತಿಂದು ನೀರು ಕುಡಿ" ಅಂದರು! ನಮ್ಮ ಕಡೆ ಆಸರು ಅಂದರೆ ಬಾಯಾರಿಕೆ. ಅವನು ನಿಜವಾಗಿಯೂ ಹೋಗಿ ಬೆಲ್ಲದ ಡಬ್ಬಿ ತೆಗೆದ.

ಮನೆಯಲ್ಲಿ ಕನ್ನಡವೇ ಇರಲಿ ಅಂತ ಹಟ ಹಿಡಿದವಳು ನಾನು. ಆದರೆ ಈ ಒಂದು ಪದ ಇಂಗ್ಲಿಷಿನಲ್ಲೇ ಇರಲಿ ಅನಿಸಿದೆ. ಸೈರನ್ ಕೂಗುವಾಗ ಶಾಲೆಯಲ್ಲೂ ಮನೆಯಲ್ಲೂ ಅವನ ಕಿವಿಗೆ ಒಂದೇ ಮಾತು ಬೀಳಬೇಕು. ನೀವೇನಂತೀರಿ?

ಇನ್ನೊಂದು ವಿಷಯ. ಅಮ್ಮ ಏಪ್ರಿಲ್‌ನಲ್ಲಿ ಬರುತ್ತಿದ್ದಾರೆ, ಅಂದರೆ ಸರಿಯಾಗಿ ಸುಂಟರಗಾಳಿಯ ಕಾಲಕ್ಕೆ. ಅವರಿಗೆ ಮಂಡಿನೋವು ಜಾಸ್ತಿ, ಈ ಮೆಟ್ಟಿಲು ಇಳಿಯಲಾರರು. ಮೆಟ್ಟಿಲಿಲ್ಲದ, ನೆಲದ ಮೇಲೇ ಕೂರಿಸುವ ಶೆಲ್ಟರ್ ಹಾಕಿಸಿಕೊಂಡವರು ಯಾರಾದರೂ ಇದ್ದೀರಾ? ಒಳಗೆ ಒಂದು ಕುರ್ಚಿ ಹಿಡಿಯುತ್ತದಾ?